ಬಾಳೆಹೂವಿನ ಸಾರ, ತೋಟಿಗನ ಪಾಲು

ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟ ಏರುವ ಮೊದಲು ಸಿಗುವ ಊರು ಕತಗಾಲ. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮುಳುಗಿದಾಗಲಷ್ಟೇ ಅದರ ಹೆಸರು ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಕಳೆದ ಚಳಿಗಾಲದಲ್ಲಿ ಅಲ್ಲಿಯ ತಂಗಿಯ ಮನೆಯಲ್ಲಿ ಮೂರು ದಿನ ಇದ್ದೆ. ಬೆಳಿಗ್ಗೆ ಅಳಿಯನ ಜತೆ ತೋಟಕ್ಕೆ ಇಳಿದರೆ, ಅವನು ಅಡಿಕೆ ಮರಗಳ ನಡುವಿನ ಬಾಳೆಗೊನೆಗಳ ತುದಿಯಿಂದ ಕೆಂಪು ಹೂವುಗಳನ್ನು ಕತ್ತಿಯಲ್ಲಿ ಕೊಯ್ದು ಬುಡಕ್ಕೆ ಎಸೆಯುತ್ತ ಸಾಗಿದ್ದ. ಕೊನೆಯ ಚಿಪ್ಪು ಬಿಟ್ಟ ಮೇಲೆ ಹೂವನ್ನು ತೆಗೆದರೆ ಕಾಯಿಗಳು ಚೆನ್ನಾಗಿ ತುಂಬಿಕೊಳ್ಳುತ್ತವೆ ಎಂಬುದು ಎಲ್ಲ ಬೆಳೆಗಾರರಿಗೂ ಗೊತ್ತು. ಮನೆಗೆ ಬೇಕಾದ ಒಂದೆರಡನ್ನು ಬಿಟ್ಟರೆ ಉಳಿದದ್ದೆಲ್ಲ ಗೊಬ್ಬರ.

ಸಂಜೆ ಅದೇ ಹುಡುಗ ನನ್ನ ಮುಂದೆ ಒಂದು ಯೋಜನಾ ವರದಿ ತಂದಿಟ್ಟ. 'ಮಾವ, ನೀವು ಇಂಥವನ್ನು ಎಷ್ಟೋ ನೋಡಿದವರು, ಒಮ್ಮೆ ಓದಿ ಹೇಳಿ' ಎಂದ. ಬಾಳೆಹೂವಿನಿಂದ ಸಾರ ತೆಗೆಯುವ ಘಟಕ. ತೋಟವನ್ನು ಅಡವಿಟ್ಟು ಬ್ಯಾಂಕ್ ಸಾಲ. ಮೂರು ವರ್ಷದಲ್ಲಿ ಸಾಲ ಚುಕ್ತಾ. ಯಂತ್ರ ಮಾರುವವರೇ ವರದಿಯನ್ನೂ ಬರೆದುಕೊಟ್ಟಿದ್ದರು. ಹಿಂದೆ ಬಿದ್ದ ಪುಟಗಳಲ್ಲಿ ಸಂಶೋಧನಾ ಲೇಖನಗಳ ನೆರಳಚ್ಚು ಪ್ರತಿಗಳಿದ್ದವು. ನನ್ನ ಸೇವಾವಧಿಯಲ್ಲಿ ಮೇಜಿನ ಮೇಲೆ ಬಂದ ಅನೇಕ ವರದಿಗಳಿಗಿಂತ ಇದು ಒಂದು ವಿಷಯದಲ್ಲಿ ಭಿನ್ನವಾಗಿತ್ತು. ಅದು ಉಲ್ಲೇಖಿಸಿದ ವಿಜ್ಞಾನ ಸುಳ್ಳಾಗಿರಲಿಲ್ಲ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಪಿ.ವಿ. ಸಾಲಿಮಠ ಮತ್ತು ಸಂಗಡಿಗರು ಏಲಕ್ಕಿಬಾಳೆಯ ಹೂವು ಹಾಗೂ ದಿಂಡಿನ ಮೇಲೆ ಕೆಲಸ ಮಾಡಿ, ಮಧುಮೇಹ ಬರಿಸಿದ ಇಲಿಗಳ ಆಹಾರದಲ್ಲಿ ಅವುಗಳನ್ನು ಬೆರೆಸಿದಾಗ ರಕ್ತದ ಸಕ್ಕರೆ ಇಳಿಯಿತೆಂದು 2011ರಲ್ಲಿ ಪ್ರಕಟಿಸಿದರು. ಮೈಸೂರಿನವರೇ ಆದ ರಮಿತ್ ರಾಮು ಮತ್ತು ಸಹಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟು, ನಂಜನಗೂಡು ರಸಬಾಳೆಯ ಹೂವಿನಿಂದ ಅಂಬೆಲಿಫೆರೋನ್ ಮತ್ತು ಲುಪಿಯಾಲ್ ಎಂಬ ಎರಡು ಸಂಯುಕ್ತಗಳನ್ನು ಬೇರ್ಪಡಿಸಿ 2014ರಲ್ಲಿ ವರದಿ ಮಾಡಿದರು. 2016ರಲ್ಲಿ ಅವುಗಳನ್ನು ಇಲಿಗಳ ಮೇಲೂ ಪರೀಕ್ಷಿಸಿದರು. ಸೊರಗು ರೋಗಕ್ಕೆ ತುತ್ತಾಗಿ ಅಳಿವಿನ ಅಂಚಿಗೆ ಬಂದು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ರಸಬಾಳೆಯ ಹಣ್ಣಿಗೆ ಸಿಗದ ಭಾಗ್ಯ ಅದರ ಹೂವಿಗಾದರೂ ಸಿಗಬಹುದೆ ಎಂದು ಯಾರಿಗಾದರೂ ಅನ್ನಿಸುವಂಥ ಕೆಲಸವದು.

ಬೇರ್ಪಡಿಸುವುದೆಂದರೆ ಏನು? ಹೂವನ್ನು ಬಿಡಿಸಿ, ಒಣಗಿಸಿ, ಪುಡಿ ಮಾಡಬೇಕು. ಹಸಿ ಹೂವಿನ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ, ಕಿಲೋ ಹೂವು ಒಣಗಿ ನೂರು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಆ ಪುಡಿಯನ್ನು ಮದ್ಯಸಾರದಂತಹ ದ್ರಾವಕದಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಹಾರಿಸಿದರೆ ತಳದಲ್ಲಿ ಅಂಟಂಟಾದ ಸಾರ ಉಳಿಯುತ್ತದೆ. ಅದರಲ್ಲಿ ನೂರಾರು ಸಂಯುಕ್ತಗಳ ಕಲಸುಮೇಲೋಗರ. ಸಿಲಿಕಾ ಜೆಲ್ ತುಂಬಿದ ಗಾಜಿನ ಕೊಳವೆಯ ಮೂಲಕ ಅದನ್ನು ಹಾಯಿಸಿದರೆ ಒಂದೊಂದು ಸಂಯುಕ್ತ ಒಂದೊಂದು ವೇಗದಲ್ಲಿ ಕೆಳಗಿಳಿಯುತ್ತದೆ. ಹಾಗೆ ಇಳಿದ ಪ್ರತಿ ಭಾಗವನ್ನೂ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವದ ಎದುರು ಪರೀಕ್ಷೆಗೆ ಒಡ್ಡುತ್ತಾರೆ. ಸಣ್ಣ ಕರುಳಿನಲ್ಲಿ ಪಿಷ್ಟದ ತುಣುಕುಗಳನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವದು. ಯಾವ ಭಾಗ ಅದರ ಕೈ ಕಟ್ಟುತ್ತದೋ ಅದನ್ನಷ್ಟೇ ಹಿಡಿದು ಮತ್ತೆ ಶೋಧಿಸಿ, ಕೊನೆಗೆ ಸಿಗುವ ಚಿಟಿಕೆ ಹರಳಿನ ರಚನೆಯನ್ನು ಉಪಕರಣಗಳಿಂದ ಗುರುತಿಸುತ್ತಾರೆ. ತಿಂಗಳುಗಟ್ಟಲೆ ತಾಳ್ಮೆ ಬೇಡುವ, ನಾನು ತಲೆಬಾಗುವ ವಿದ್ಯೆ.

ಆದರೆ ಅರ್ಥಶಾಸ್ತ್ರ ಓದಿದವನ ತಲೆಯಲ್ಲಿ ಇಲ್ಲಿಂದ ಮುಂದೆ ಬೇರೆಯೇ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕಕ್ಕೆ ಉದಾಹರಣೆ ಹುಡುಕಿಕೊಂಡು ಎಲ್ಲಿಗೋ ಹೋಗಬೇಕಾಗಿಲ್ಲ. ಅದು ಕತಗಾಲದ ಕಾಡಿನಲ್ಲೇ ಇದೆ, ಅದರ ಹೆಸರು ಉಪ್ಪಾಗೆ.

ಅಘನಾಶಿನಿ ಕೊಳ್ಳದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯ ಬೀಜದ ತುಪ್ಪ ಘಟ್ಟದ ಮನೆಗಳಲ್ಲಿ ದೋಸೆಗೆ ಬೀಳುತ್ತಿತ್ತು; ಒಣಸಿಪ್ಪೆ ಕೇರಳದ ಮೀನಿನ ಸಾರಿಗೆ ಹುಳಿಯಾಗುತ್ತಿತ್ತು. 1965ರಲ್ಲಿ ಮೈಸೂರಿನ ಅದೇ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಆ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ, ದೇಹ ಕೊಬ್ಬು ಕಟ್ಟುವುದಕ್ಕೆ ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆಂದು ತಿಳಿಯಿತು. ಗಮನಿಸಬೇಕು: ಇದೂ ಕಿಣ್ವವನ್ನು ತಡೆಯುವ ಕತೆಯೇ. 1990ರ ದಶಕದಲ್ಲಿ ತೂಕ ಇಳಿಸುವ ಗುಳಿಗೆಗಳ ಮಾರುಕಟ್ಟೆ ಎದ್ದಿತು, ಉಪ್ಪಾಗೆ ಸಿಪ್ಪೆಗೆ ಎಂದೂ ಕಾಣದ ಬೆಲೆ ಬಂತು.

ಆಮೇಲೆ ನಡೆದುದನ್ನು ಈ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಕಾಯಿ ಸಿಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿ ರಾಶಿ ಕಟ್ಟಿಗೆ. ಕಾಡು ಯಾರದ್ದೂ ಅಲ್ಲವಾದ್ದರಿಂದ ಇಂದು ನಾನು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಚೀಲದಲ್ಲಿ. ಹಣ್ಣಾಗುವ ತನಕ ಯಾರು ಕಾಯುತ್ತಾರೆ? ನಿತಿನ್ ರೈ ಮತ್ತು ಕ್ರಿಸ್ಟೋಫರ್ ಉಲ್ ಉಪ್ಪಾಗೆ ಸಂಗ್ರಹದ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅವಸರದ ಕೊಯ್ಲನ್ನು ವಿವರಿಸುತ್ತದೆ. ಮರಕ್ಕೆ ಮುಳುವಾದದ್ದು ಕಾಯಿ ಕೀಳುವುದಕ್ಕಿಂತ ಹೆಚ್ಚಾಗಿ, ಕಾಯಲು ಯಾರಿಗೂ ಕಾರಣವಿಲ್ಲದ ವ್ಯವಸ್ಥೆ ಎಂಬುದು ನನ್ನ ತಿಳಿವಳಿಕೆ. ಇಷ್ಟರಲ್ಲಿ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹೇಮ್ಸ್‌ಫೀಲ್ಡ್ ತಂಡದ ಪರೀಕ್ಷೆಯ ಫಲಿತಾಂಶ ಬಂತು. 135 ಮಂದಿ, 12 ವಾರ. ಗುಳಿಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದರು; ಏನೂ ಇಲ್ಲದ ಹುಸಿಗುಳಿಗೆ ನುಂಗಿದವರು 4.1 ಕಿಲೋ ಇಳಿದರು! ದಶಕ ಮುಗಿಯುವ ಹೊತ್ತಿಗೆ ಸಿಪ್ಪೆಯ ದರವೂ ಇಳಿದಿತ್ತು. ಗುಳಿಗೆ ಮಾರಿದವರು ಇನ್ನೊಂದು ಸಸ್ಯದ ಬೆನ್ನು ಹತ್ತಿದರು. ಒಲೆ ಕಟ್ಟಿಸಿಕೊಂಡವರಿಗೆ ಒಲೆ ಉಳಿಯಿತು.

ಬಾಳೆಹೂವು ಉಪ್ಪಾಗೆಯಲ್ಲ ಎಂದು ಅಳಿಯ ವಾದಿಸಿದ. ನ್ಯಾಯವಾದ ಮಾತು. ಇದು ಕಾಡಿನದ್ದಲ್ಲ, ತೋಟದ್ದು. ಹೇಗೂ ಕೊಯ್ದು ಎಸೆಯುವಂಥದ್ದು, ಅದಕ್ಕಾಗಿ ಒಂದು ಮರವೂ ಸಾಯುವುದಿಲ್ಲ. ಆದರೆ ಸಂಯುಕ್ತದ ವ್ಯಾಪಾರದಲ್ಲಿ ಇನ್ನೊಂದು ಅಪಾಯವಿದೆ, ಅದು ತೋಟಕ್ಕೂ ಕಾಡಿಗೂ ಸಮಾನ. ಸಂಯುಕ್ತ ಶುದ್ಧವಾದಷ್ಟೂ ಗಿಡದ ಅಗತ್ಯ ಕಡಿಮೆಯಾಗುತ್ತದೆ. ಅಂಬೆಲಿಫೆರೋನ್ ಬಾಳೆಯ ಆಸ್ತಿಯಲ್ಲ. ಗಜ್ಜರಿಯ ಕುಟುಂಬದ ಅನೇಕ ಸಸ್ಯಗಳಲ್ಲಿದೆ. ಲುಪಿಯಾಲ್ ಮಾವಿನಲ್ಲೂ ಇದೆ. ಎರಡೂ ರಾಸಾಯನಿಕ ಮಾರುವವರ ಬಳಿ ಸೀಸೆಯಲ್ಲಿ ದೊರೆಯುತ್ತವೆ. ನಾಳೆ ಇವು ಮದ್ದೆಂದು ಸಾಬೀತಾದರೆ ಕಾರ್ಖಾನೆಯವನು ಎಲ್ಲಿ ಅಗ್ಗವೋ ಅಲ್ಲಿಂದ ಕೊಳ್ಳುತ್ತಾನೆಯೇ ಹೊರತು ಕತಗಾಲದ ಹೂವಿಗಾಗಿ ಘಟ್ಟ ಇಳಿದು ಬರುವುದಿಲ್ಲ. ಇಂದು ಲಕ್ಷಾಂತರ ಮನೆಗಳಲ್ಲಿರುವ ಮೆಟ್‌ಫಾರ್ಮಿನ್ ಗುಳಿಗೆಯ ವಂಶವೃಕ್ಷದ ಬುಡದಲ್ಲೂ ಒಂದು ಗಿಡವಿದೆ, ಯುರೋಪಿನ ಗಲೇಗಾ. 1922ರಲ್ಲಿ ಪ್ರಯೋಗಾಲಯದಲ್ಲೇ ಮೆಟ್‌ಫಾರ್ಮಿನ್ ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಆ ಗುಳಿಗೆಗಾಗಿ ಗಲೇಗಾ ಬೆಳೆದು ಶ್ರೀಮಂತನಾದ ರೈತನಿಲ್ಲ.

ಕಾನೂನಿನ ರಕ್ಷಣೆ ಇಲ್ಲವೆ ಎಂದು ಕೇಳಬಹುದು. 2002ರ ಜೀವವೈವಿಧ್ಯ ಕಾಯ್ದೆ ಲಾಭ ಹಂಚಿಕೆಯ ಮಾತಾಡುತ್ತದೆ. 2025ರವರೆಗೆ ಜಾರಿಯಲ್ಲಿದ್ದ 2014ರ ಮಾರ್ಗಸೂಚಿಯ ಪ್ರಕಾರ ವರ್ಷಕ್ಕೆ ಒಂದು ಕೋಟಿ ರೂಪಾಯಿವರೆಗೆ ಮಾರಾಟವಿದ್ದರೆ ಕೊಡಬೇಕಾಗಿದ್ದದ್ದು ಶೇ 0.1. ಅಂದರೆ ಕೋಟಿಗೆ ಹತ್ತು ಸಾವಿರ. ಅದೂ ಮಂಡಳಿ, ಸಮಿತಿಗಳ ದಾರಿಯಲ್ಲಿ ನಡೆದು ಬರಬೇಕಿತ್ತು. 2023ರ ತಿದ್ದುಪಡಿ ಉದ್ಯಮಗಳ ಮೇಲಿನ ಹಿಡಿತವನ್ನು ಇನ್ನಷ್ಟು ಸಡಿಲಿಸಿತು. ಎಲ್ಲ ತೋಟಗಳಲ್ಲೂ ಬೆಳೆಯುವ ಬಾಳೆಯ ಹೂವಿಗೆ ಇಲ್ಲಿಂದ ಏನಾದರೂ ಬಂದೀತೆಂದು ಕಾಯುವುದು ವ್ಯರ್ಥ.

ರೋಗಿಯ ಕಡೆಯಿಂದಲೂ ನೋಡಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅಳಿಯನ ವರದಿಯಲ್ಲಿ 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂಬ ಸಾಲಿತ್ತು. ಇಲಿಗೆ ಇಳಿದ ಸಕ್ಕರೆಯನ್ನು ನಂಬಿ ಒಬ್ಬಾತ ತನ್ನ ಗುಳಿಗೆ ಬಿಟ್ಟರೆ ಆ ಸಾಲಿಗೆ ಹೊಣೆ ಯಾರು? ನಾನು ಪೆನ್ಸಿಲ್‌ನಿಂದ ಅದನ್ನು ಹೊಡೆದು ಹಾಕಿದೆ. ಹಳೆಯ ಅಭ್ಯಾಸ.

ಹಾಗಾದರೆ ಹೂವನ್ನು ಎಸೆಯುತ್ತಲೇ ಇರುವುದೆ? ಇದಕ್ಕೆ ಉತ್ತರ ಮರುದಿನ ತಂಗಿಯ ಅಡುಗೆಮನೆಯಲ್ಲಿ ಸಿಕ್ಕಿತೆಂದು ನನಗನ್ನಿಸುತ್ತದೆ. ಅವಳು ಎಣ್ಣೆ ಸವರಿದ ಕೈಯಲ್ಲಿ ಒಂದೊಂದೇ ಪಕಳೆ ಬಿಡಿಸಿ, ಹೂವಿನ ನಡುವಿನ ಗಟ್ಟಿ ಎಳೆ ಕಿತ್ತು, ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತಿದ್ದಳು. ಹಾಕದಿದ್ದರೆ ಕಣ್ಣೆದುರೇ ಕಪ್ಪಾಗುತ್ತದೆ, ಒಗರೂ ಬಿಡುವುದಿಲ್ಲ. ಒಗರಿಗೂ ಕಪ್ಪಿಗೂ ಕಾರಣ ಪ್ರಯೋಗಾಲಯದವರು ಹುಡುಕಿ ಅಳೆಯುವ ಪಾಲಿಫಿನಾಲ್‌ಗಳೇ. ಮಜ್ಜಿಗೆಯ ಹುಳಿ ಕಪ್ಪಾಗುವುದನ್ನು ತಡೆಯುತ್ತದೆ. ಅರ್ಧ ಗಂಟೆಯ ಈ ಕೆಲಸಕ್ಕೆ ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಬಾಳೆಹೂವು ಮಾರಾಟವಾಗದಿರಲು ಕಾರಣ ಅದರ ಗುಣ ತಿಳಿಯದಿರುವುದಲ್ಲ, ಅದನ್ನು ಬಿಡಿಸುವ ತೊಡಕು.

ಬಿಡಿಸಿ ಹೆಚ್ಚಿದ ಹೂವು ಮೂರು ದಿನ ಕಪ್ಪಾಗದೆ ಉಳಿಯುವಂತೆ ಮಾಡಿದರೆ ಕತಗಾಲದಂಥ ಊರಿನ ಹತ್ತು ಹೆಂಗಸರಿಗೆ ಊರಲ್ಲೇ ಕೂಲಿ ಹುಟ್ಟುತ್ತದೆ. ಬೇಕಾದದ್ದು ಹುಳಿ, ತಂಪು, ಗಾಳಿಯಾಡದ ಪೊಟ್ಟಣ ಮತ್ತು ಬಸ್ಸಿನ ವೇಳಾಪಟ್ಟಿ. ಇಲ್ಲಿ ಮೌಲ್ಯ ಹುಟ್ಟುವುದು ಕೈಕೆಲಸದಿಂದ, ಅದೂ ಹೂವು ತಾಜಾ ಇರುವಲ್ಲೇ ನಡೆಯಬೇಕಾದ ಕೈಕೆಲಸದಿಂದ. ಅದನ್ನು ಸೀಸೆಯಲ್ಲಿ ತುಂಬಿ ಬೇರೆಡೆಗೆ ಒಯ್ಯಲಾಗದು. ಹರಳು ಹುಡುಕುವ ಸಂಶೋಧನೆ ನಡೆಯಲಿ, ಅದು ವಿಶ್ವವಿದ್ಯಾಲಯಗಳ ಧರ್ಮ. ಆದರೆ ಸರ್ಕಾರ ತೋಟಿಗನ ಹೆಸರಿನಲ್ಲಿ ಕೊಡುವ ಹಣ ಈ ಮೂರು ದಿನಗಳ ಪ್ರಶ್ನೆಗೆ ಮೊದಲು ಹೋಗಬೇಕು. ಈ ವಿಷಯಕ್ಕೆ ದೊಡ್ಡ ಪತ್ರಿಕೆಗಳಲ್ಲಿ ಜಾಗ ಸಿಗಲಿಕ್ಕಿಲ್ಲ ಎಂಬುದೇ ಬಹುಶಃ ಅದರ ತೊಂದರೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. 'ಹೆಚ್ಚಿದ ಹೂವಿಗೆ ಬ್ಯಾಂಕಿನವರು ಸಾಲ ಕೊಡ್ತಾರಾ ಮಾವ?' ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ತೋಟದ ಪತ್ರಗಳನ್ನು ಮಾತ್ರ ಇನ್ನೂ ಬ್ಯಾಂಕಿಗೆ ಕೊಟ್ಟಿಲ್ಲವೆಂದು ತಂಗಿ ಮೊನ್ನೆ ಫೋನಿನಲ್ಲಿ ತಿಳಿಸಿದಳು. ಹೊರಡುವ ರಾತ್ರಿ ಅವಳು ಬಿಡಿಸಿ ಹೆಚ್ಚಿದ ಒಂದು ಡಬ್ಬಿ ಬಾಳೆಹೂವನ್ನು, ಮಜ್ಜಿಗೆ ಬಸಿದು, ನನ್ನ ಚೀಲದಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಬೆಂಗಳೂರಿನಲ್ಲಿ ಮುಚ್ಚಳ ತೆಗೆದಾಗ ಮೇಲಿನ ಪದರ ಕಪ್ಪಾಗಿತ್ತು. ಅಡಿಯದು ಬೆಳ್ಳಗೇ ಇತ್ತು; ಪಲ್ಯ ಮಾಡಿದೆವು.