ಹಿಂದಿನ ಸಾಲಿಗಾಗಿ ಏಳು ತಂತಿ

ತಲಕಾಡು ಎಂದೊಡನೆ ನೆನಪಾಗುವುದು ಮರಳು ಮತ್ತು ಪಂಚಲಿಂಗ ದರ್ಶನ. ಅದೇ ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ಕಪಿಲೆಯರು ಕೂಡುವ ಕಡೆ ತಿರುಮಕೂಡಲು ಇದೆ. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ಹೆಸರಿನ ಮುಂದಿನ 'ಟಿ' ಈ ಊರೇ.

ಸಂಗೀತ ಜನಪ್ರಿಯವಾಗಲು ಏನು ಬೇಕು? ಇಂಪು, ಸಾಹಿತ್ಯ, ಸಾಧನೆ ಎನ್ನುತ್ತೇವೆ. ಸರಿಯೇ. ಆದರೆ ಅದಕ್ಕೂ ಮೊದಲು ಅದು ಕಿವಿಗೆ ಬೀಳಬೇಕಲ್ಲ!

ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಕಲಿತು ಚೌಡಯ್ಯನವರು ಹೆಸರು ಮಾಡುತ್ತಿದ್ದ ಕಾಲಕ್ಕೆ ಸಂಗೀತ ಅರಮನೆಯಿಂದ ಸಭೆಗಳಿಗೆ, ಚಪ್ಪರಗಳಿಗೆ ಬಂದಿತ್ತು. ಕೇಳುಗರು ನೂರಾರು, ಮೈಕಿಲ್ಲ. ಚೆಂಬೈ ವೈದ್ಯನಾಥ ಭಾಗವತರಂಥವರ ತುಂಬುಕಂಠ, ಮೃದಂಗದ ಸದ್ದು, ಇವುಗಳ ನಡುವೆ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಮುಟ್ಟುವುದು ಕಷ್ಟ. ಚೌಡಯ್ಯನವರು ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಕಟ್ಟಿದರು. ಸ್ವರ ಒಂದೇ, ಸ್ಥಾಯಿ ಬೇರೆ. ಕಮಾನು ಎರಡನ್ನೂ ಒಟ್ಟಿಗೆ ಮೀಟಿದಾಗ ನಾದ ದಪ್ಪವಾಯಿತು. 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಕಚೇರಿಗೆ ಬಂತು. ನುಡಿಸುವುದು ಹುಡುಗಾಟವಲ್ಲ: ಒಂದೇ ಬೆರಳು ಎರಡು ತಂತಿಗಳನ್ನು ಒತ್ತಬೇಕು, ಎರಡರಲ್ಲೂ ಅಪಸ್ವರ ಸುಳಿಯಬಾರದು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದು ನೀಡಿತು.

ಇದೇ ತೊಂದರೆ ಲಂಡನ್ನಿನಲ್ಲೂ ಇತ್ತು. ಆಗಿನ ಗ್ರಾಮಫೋನ್ ಧ್ವನಿಮುದ್ರಣ ನಡೆಯುತ್ತಿದ್ದುದು ದೊಡ್ಡ ಕೊಂಬೊಂದರ ಮುಂದೆ. ಪಿಟೀಲಿನ ಸಣ್ಣ ದನಿ ಅದಕ್ಕೆ ಸಾಲದು. ಅಗಸ್ಟಸ್ ಸ್ಟ್ರೋ ಎಂಬಾತ 1899ರಲ್ಲಿ ಪಿಟೀಲಿನ ಮರದ ಒಡಲನ್ನೇ ಬಿಟ್ಟು ಲೋಹದ ಕೊಂಬು ಜೋಡಿಸಿದ! 1925ರಲ್ಲಿ ಮೈಕಿನ ಮೂಲಕ ಧ್ವನಿಮುದ್ರಣ ಬಂದ ಮೇಲೆ ಆ ಕೊಂಬಿನ ಅಗತ್ಯ ಹೋಯಿತು. ಏಳು ತಂತಿಯದೂ ಹೆಚ್ಚುಕಡಿಮೆ ಅದೇ ಕಥೆ. ಸಭೆಗಳಿಗೆ ಮೈಕು ಬಂದಾಗ ನಾಲ್ಕೇ ಸಾಕಾಯಿತು. ಪಿಸುದನಿಯೂ ಹಿಂದಿನ ಸಾಲಿಗೆ ತಲುಪತೊಡಗಿತು.

ಸದ್ದಿನಂತೆಯೇ ಸಮಯವನ್ನೂ ಯಂತ್ರ ಅಳೆದುಕೊಟ್ಟಿತು. ಹಳೆಯ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ವಿದ್ವಾಂಸರು ಅಷ್ಟರಲ್ಲೇ ಮುಗಿಸಬೇಕಿತ್ತು. ನಮ್ಮ ಈ ಸೀಮೆಯಲ್ಲಿ ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದೇಶ್ವರನ ಕಾವ್ಯ ಕ್ಯಾಸೆಟ್ಟಿಗೆ ಬಂದಾಗ ಗಂಟೆಯ ಅಳತೆಗೆ ಇಳಿಯಿತು. ಅದರ ಒಂದು ತುಣುಕು, 'ಕೋಲುಮಂಡೆ', 1996ರ 'ಜನುಮದ ಜೋಡಿ' ಚಿತ್ರದಲ್ಲಿ ಕೆಲವೇ ನಿಮಿಷಗಳ ಹಾಡಾಗಿ ನಾಡಿನ ಬಾಯಿಗೆಲ್ಲ ಬಂತು. ನಷ್ಟವೆಂದು ಮೂಗು ಮುರಿಯುವವರಿದ್ದಾರೆ. ಮಾದೇಶ್ವರನ ಹೆಸರೇ ಕೇಳದ ಮಕ್ಕಳು ಅದನ್ನು ಗುನುಗಿದ್ದು ನನಗಂತೂ ಲಾಭವೆನಿಸುತ್ತದೆ. ಇಂದು ಮೊಬೈಲಿನಲ್ಲಿ ಓಡಾಡುವ ತುಣುಕುಗಳಿಗೆ ಅಷ್ಟು ನಿಮಿಷವೂ ಇಲ್ಲ. ಅಲ್ಲಿ ಪಲ್ಲವಿಯ ಒಂದು ಸಾಲು ಗೆದ್ದರೆ ಹಾಡು ಗೆದ್ದಂತೆ.

ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಅನಂತರ ಏಳು ತಂತಿ ಹಿಡಿದವರು ವಿರಳ. ಬೆಂಗಳೂರಿನಲ್ಲಿ 1980ರಲ್ಲಿ ಅವರ ಹೆಸರಿನ ಸಭಾಂಗಣವೊಂದು ಎದ್ದಿತು, ಪಿಟೀಲಿನದೇ ಆಕಾರದಲ್ಲಿ. ಅದರೊಳಗೆ ಇಂದು ಮೈಕಿನ ಮುಂದೆ ಕೂತವರು ನುಡಿಸುವುದು ಬಹುಮಟ್ಟಿಗೆ ನಾಲ್ಕು ತಂತಿಯ ಪಿಟೀಲನ್ನೇ.