ಓಲಾಡುವ ಮರದ ಮೀನು

ಫಿನ್‌ಲೆಂಡಿನ ಪೈಯಾನ್ನೆ ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಕುತ್ತಿದ್ದ ಲೌರಿ ರಾಪಲಾ ಒಂದು ಸಂಗತಿಯನ್ನು ಕಂಡುಕೊಂಡಿದ್ದರು. ಬೇಟೆಯಾಡುವ ದೊಡ್ಡ ಮೀನು ಮರಿಮೀನುಗಳ ಹಿಂಡಿಗೆ ನುಗ್ಗಿದಾಗ, ಗಾಯವಾಗಿ ಓಲಾಡುತ್ತಿರುವ ಮೀನಿನ ಮೇಲೇ ಎರಗುತ್ತಿತ್ತು. 1936ರಲ್ಲಿ ಅವರು ಬೂಟು ಹೊಲಿಯುವವರ ಚಾಕುವಿನಿಂದ ಕಾರ್ಕು ಕೆತ್ತಿ, ಚಾಕೊಲೇಟಿನ ತೆಳು ಲೋಹದ ಹಾಳೆ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಲೇಪಿಸಿದರು. ಎಳೆದಾಗ ಅದು ಗಾಯಗೊಂಡ ಮೀನಿನಂತೆಯೇ ಓಲಾಡಿತು.

ಈ ಓಲಾಟದ ಮೂಲ, ಲ್ಯೂರು ಎನ್ನುವ ಇಂಥ ಹುಸಿಮೀನಿನ ಮೂತಿಯ ಕೆಳಗಿರುವ ಓರೆ ಹಲಗೆ. ತಯಾರಿಸುವವರು ಅದನ್ನು ತುಟಿ ಎನ್ನುತ್ತಾರೆ. ದಾರ ಎಳೆದಾಗ ನೀರು ತುಟಿಗೆ ಬಡಿದು ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ. ಜೊತೆಗೆ ತುಟಿಯ ಎರಡೂ ಅಂಚುಗಳಲ್ಲಿ ಸರದಿಯ ಮೇಲೆ ಸುಳಿಗಳು ಏಳುತ್ತವೆ. ಸುಳಿಯಿದ್ದ ಕಡೆ ಒತ್ತಡ ಇಳಿಯುವುದರಿಂದ ಲ್ಯೂರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಉದ್ದ ತುಟಿಯನ್ನು ಮೈಗೆ ಸಮವಾಗಿ ಮುಂದಕ್ಕೆ ಚಾಚಿದರೆ ಆಳಕ್ಕಿಳಿಯುತ್ತದೆ. ಗಿಡ್ಡ ತುಟಿಯನ್ನು ನೆಟ್ಟಗೆ ಇಳಿಬಿಟ್ಟರೆ ಮೇಲ್ಮೈ ಬಳಿಯೇ ಉಳಿಯುತ್ತದೆ.

ವಾಲಿದ್ದು ಮಗುಚದಿರಬೇಕಾದರೆ ಹೊಟ್ಟೆಯಲ್ಲಿ ತೂಕ, ಬೆನ್ನಲ್ಲಿ ಹಗುರ ಇರಬೇಕು. ತಂಜಾವೂರು ಬೊಂಬೆ ಬಾಗಿಸಿದಷ್ಟೂ ಎದ್ದು ನಿಲ್ಲುವುದು ಇದೇ ನಿಯಮದಿಂದ. ಬೆನ್ನು ಹಗುರವಿರಲೆಂದೇ ಲ್ಯೂರಿಗೆ ಬಾಲ್ಸಾ ಮರ ಅಚ್ಚುಮೆಚ್ಚು. ನಮ್ಮ ಬೂರುಗವೂ ಅದೇ ಸಸ್ಯ ಕುಟುಂಬದ್ದು, ಬಾಲ್ಸಾದಷ್ಟಲ್ಲದಿದ್ದರೂ ಹಗುರವೇ.

ಈ ಅಲುಗಾಟ ಮೀನಿಗೆ ತಿಳಿಯುವುದು ಕಣ್ಣಿನಿಂದ ಮಾತ್ರವಲ್ಲ. ಅದರ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಪಾರ್ಶ್ವರೇಖೆ ಹರಿದಿದೆ. ಅಲ್ಲಿನ ಸೂಕ್ಷ್ಮ ಕೂದಲುಳ್ಳ ಜೀವಕೋಶಗಳು ಹತ್ತಿರದ ನೀರಿನ ಅಲುಗಾಟವನ್ನು ಗ್ರಹಿಸಿ ಮಿದುಳಿಗೆ ಮುಟ್ಟಿಸುತ್ತವೆ. ಉತ್ತರ ಅಮೆರಿಕದ ಮಸ್ಕಿ ಮೀನುಗಳ ಮೇಲೆ ನಡೆದ ಪ್ರಯೋಗದಲ್ಲಿ, ದೃಷ್ಟಿ ಇಲ್ಲದವುಗಳೂ ಬಳಿ ಸುಳಿದ ಬೇಟೆಯ ಮೇಲೆ ಎರಗಿದವು. ಬಣ್ಣವಂತೂ ಆಳಕ್ಕೆ ಹೋದಂತೆ ಮಾಸುತ್ತದೆ. ಎಲ್ಲಕ್ಕಿಂತ ಮೊದಲು ಕೆಂಪು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಕೆತ್ತುವವರು ಬಣ್ಣಕ್ಕಿಂತ ಸಮತೋಲಕ್ಕೆ ಹೆಚ್ಚು ಸಮಯ ಕೊಡಬೇಕು. ಕೆತ್ತಿ ಮುಗಿದ ಮೇಲೆ ತೊಟ್ಟಿಯಲ್ಲಿ ಎಳೆದು ನೋಡಬೇಕು. ಎಡಕ್ಕೆ ಸರಿದರೆ ದಾರ ಕಟ್ಟುವ ಮೂತಿಯ ಬಳೆಯನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿದರೆ ಸಾಕು.

ಲ್ಯೂರಿನ ಹೊಟ್ಟೆಯ ತೂಕಕ್ಕೆ ಮಾತ್ರ ಸೀಸ ಬೇಡ. ಹಂಸಗಳು ಗಾಳದ ಸೀಸದ ಗುಂಡು ನುಂಗಿ ಸಾಯುತ್ತಿದ್ದುದರಿಂದಲೇ ಇಂಗ್ಲೆಂಡು, ವೇಲ್ಸ್‌ಗಳಲ್ಲಿ 1987ರಿಂದ ಅಂತಹ ಬಹುತೇಕ ಗುಂಡುಗಳ ಮಾರಾಟಕ್ಕೆ ನಿಷೇಧ ಬಂತು. ತವರ, ಟಂಗ್‌ಸ್ಟನ್, ಉಕ್ಕು ಆ ಕೆಲಸ ಮಾಡುತ್ತವೆ. ಕೊಕ್ಕೆಯ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿಬಿಡಿ. ಬಿಟ್ಟುಬಿಡಬೇಕಾದ ಮೀನಿಗೆ ಗಾಯ ಕಡಿಮೆಯಾಗುತ್ತದೆ. ಅಂಥದ್ದೊಂದಾದ ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ಲ್ಯೂರು ನಿಮ್ಮ ಕೈಯದೇ ಆದಾಗ ತೂಕದ, ಹಿಮ್ಮುಳ್ಳಿನ ಈ ಎರಡೂ ತೀರ್ಮಾನ ನಿಮ್ಮವೇ. ಸರಿಯಾದದ್ದನ್ನೇ ಆರಿಸಿ.