ಗುಟ್ಟು ಬಿಟ್ಟುಕೊಟ್ಟ ಗಾಜುಗಾರ

ವೆನಿಸ್ ಪಕ್ಕದ ಮುರಾನೊ ದ್ವೀಪಕ್ಕೆ ಗಾಜಿನ ಕುಲುಮೆಗಳನ್ನು ಸಾಗಹಾಕಿದ್ದು 1291ರಲ್ಲಿ. ಊರಿಗೆ ಬೆಂಕಿ ಬಿದ್ದೀತೆಂಬ ಭಯ ನೆಪವಾಯಿತು. ಕಸುಬಿನ ಗುಟ್ಟೂ ದ್ವೀಪದೊಳಗೇ ಸೆರೆಯಾಯಿತು. ಹೊರನಾಡಿಗೆ ಹೋಗಿ ಕುಲುಮೆ ಹೂಡುವವನಿಗೆ ಶಿಕ್ಷೆ ಕಾದಿರುತ್ತಿತ್ತು. ಅಂಥ ಮುರಾನೊದಲ್ಲಿ 1934ರಲ್ಲಿ ಹುಟ್ಟಿದ ಲೀನೊ ತಾಲ್ಯಾಪಿಯೆತ್ರ, 11ರ ಹರೆಯದಲ್ಲಿ ಆರ್ಕಿಮೆದೆ ಸೆಗೂಸೊ ಎಂಬ ಗುರುವಿನ ಕುಲುಮೆಗೆ ನೀರು ಹೊರುವ ಹುಡುಗನಾಗಿ ಸೇರಿದರು; 21ಕ್ಕೆ 'ಮಾಯೆಸ್ತ್ರೊ', ಅಂದರೆ ಕಸುಬಿನ ಗುರು, ಎನ್ನಿಸಿಕೊಂಡರು. 1979ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಿಲ್‌ಚಕ್ ಗಾಜುಶಾಲೆಗೆ ಹೋಗಿ, ಕಲಿತದ್ದನ್ನೆಲ್ಲ ಅಲ್ಲಿನವರಿಗೆ ಬಿಚ್ಚಿಟ್ಟರು. ಮುರಾನೊದಲ್ಲಿ ಇದನ್ನು ಮನೆಮುರುಕತನ ಎಂದವರಿದ್ದರು. ಆದರೆ ಲೀನೊ ಕಲಾವಿದರಾದದ್ದೇ ಆ ಕೊಡುಗೈಯಿಂದ ಎಂಬುದು ನನ್ನ ವಾದ.

ಗುಟ್ಟು ಎನ್ನುವುದಾದರೂ ಏನು? 'ಇನ್‌ಕಾಲ್ಮೊ' ಎಂಬ ವಿಧಾನವನ್ನೇ ನೋಡಿ: ಬೇರೆ ಬೇರೆ ಬಣ್ಣದ ಎರಡು ಗುಳ್ಳೆಗಳನ್ನು ಊದಿ, ಬಿಸಿ ಆರುವ ಮುನ್ನ ಬಾಯಿಗೆ ಬಾಯಿ ಕೂಡಿಸಿ ಒಂದೇ ಪಾತ್ರೆ ಮಾಡುವುದು. ಹೇಳಲು ಒಂದು ವಾಕ್ಯ ಸಾಕು. ಕೈಗೆ ಮಾತ್ರ ವರ್ಷಗಳೇ ಬೇಕು. ಜೋನಿಬೆಲ್ಲದ ಹದದಲ್ಲಿರುವ ಗಾಜು ಕೊಳವೆಯ ತುದಿಯಲ್ಲಿ ಒಂದು ಗಳಿಗೆ ತಿರುಗದಿದ್ದರೂ ಜೋತುಬೀಳುತ್ತದೆ; ಎರಡು ಬಾಯಿಗಳ ಅಳತೆ ತುಸು ತಪ್ಪಿದರೂ ಬೆಸುಗೆ ಕೂರುವುದಿಲ್ಲ. ಇಂಥ ವಿದ್ಯೆಯನ್ನು ಕದ್ದೊಯ್ಯಲಾಗದು, ಪಕ್ಕದಲ್ಲಿ ನಿಂತು ಕಲಿಯಬೇಕು. ಹಾಗೆ ಹೊರಗಿನವರ ಪಕ್ಕದಲ್ಲಿ ನಿಂತವರಲ್ಲಿ ಲೀನೊ ಮೊದಲಿಗರೂ ಅಲ್ಲ. ಪಿಲ್‌ಚಕ್ ಶಾಲೆಯನ್ನು 1971ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಡೇಲ್ ಚಿಹೂಲಿ 1968ರಲ್ಲೇ ಮುರಾನೊದ ವೆನೀನಿ ಕುಲುಮೆಯಲ್ಲಿ ಕೆಲಸ ನೋಡಿಹೋಗಿದ್ದರು. ಲೀನೊಗೆ ಮುಂಚೆ, 1978ರಲ್ಲಿ, ಅವರ ಭಾವಮೈದುನ ಕೆಕ್ಕೊ ಒಂಗಾರೊ ಅದೇ ಶಾಲೆಯಲ್ಲಿ ಕಲಿಸಿ ಬಂದಿದ್ದರು. ಬಾಗಿಲು ಆಗಲೇ ಅರೆತೆರೆದಿತ್ತೆಂದಾಯಿತು.

ಹೊರಗಿನವರು ಕಲಿತದ್ದರಿಂದಲೇ ಮುರಾನೊ ಸೊರಗಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪಿಲ್‌ಚಕ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಸುತ್ತಲಿನ ಗಾಜುಕಲೆ ಬೆಳೆದದ್ದು ನಿಜ. ಆದರೆ 1994ರಲ್ಲಿ ವೆನಿಸ್ ಸೇರಿದ ವೆನೆತೊ ಪ್ರಾಂತ ಕಾನೂನು ತಂದು ಮುರಾನೊ ಗಾಜಿಗೆ ಗುರುತುಮುದ್ರೆ ಕೊಟ್ಟದ್ದು ಯಾರ ಕಾಟಕ್ಕೆ? ಮುರಾನೊದ ಹೆಸರು ಹೊತ್ತು ಅಂಗಡಿಗೆ ಬರುವ ಅಗ್ಗದ ನಕಲಿ ಮಾಲಿನ ಕಾಟಕ್ಕೆ. ಪಿಲ್‌ಚಕ್‌ನ ವಿದ್ಯಾರ್ಥಿಗಳು ಆ ಮಾಲು ಮಾಡಿದವರಲ್ಲ. ಇನ್ನು ಲೀನೊಗೆ ಸಿಕ್ಕಿದ್ದೇನು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಮುರಾನೊದ ಪದ್ಧತಿಯಲ್ಲಿ ನಕ್ಷೆ ಒಬ್ಬರದು, ಊದುವ ಕೈ ಇನ್ನೊಬ್ಬರದು. ಹೆಸರು ಹೆಚ್ಚಾಗಿ ನಕ್ಷೆಯವರಿಗೋ ಕಾರ್ಖಾನೆಗೋ. ಆ ಪದ್ಧತಿಯೊಳಗೇ 1976ರಿಂದ 1989ರವರೆಗೆ ಲೀನೊ ಕೂಡ ಎಫೆತ್ರೆ ಎಂಬ ಗಾಜಿನ ಸಂಸ್ಥೆಯ ಕಲೆ ಮತ್ತು ತಾಂತ್ರಿಕ ನಿರ್ದೇಶಕರಾಗಿದ್ದರು. ಅಮೆರಿಕದಲ್ಲಿ ಅವರು ಕಂಡ ಹುಡುಗ ಹುಡುಗಿಯರ ಕೈ ಇನ್ನೂ ಪಳಗಿರಲಿಲ್ಲ. ಆದರೂ ಯೋಚಿಸುವವರೂ ಊದುವವರೂ ತಾವೇ. ಆ ಧೈರ್ಯ ಲೀನೊಗೂ ತಗುಲಿತು. ಮುಂದೆ ಅವರು ಸ್ವತಂತ್ರ ಕಲಾವಿದರಾಗಿ ನಿಂತು ಮಾಡಿದ 'ಡೈನೋಸಾರ್' ಸರಣಿಯಲ್ಲಿ ಪಾತ್ರೆಯ ಕುತ್ತಿಗೆ ಉದ್ದಕ್ಕೆ ಚಾಚಿ ಬಾಗಿ, ಹೂಜಿಯ ನೆನಪನ್ನೇ ಅಳಿಸಿಬಿಡುತ್ತದೆ. ಕೆಲವು ಕೃತಿಗಳಲ್ಲಿ ಕೈಚಳಕವೇ ಮುಂದೆ ಬಂದು ನಿಲ್ಲುತ್ತದೆ, ಒಪ್ಪೋಣ. ಈ ಸರಣಿಯಲ್ಲಿ ಹಾಗಾಗಿಲ್ಲ. ಮನೆ ಮಾತ್ರ ಅವರು ಮುರಾನೊದಲ್ಲೇ ಉಳಿಸಿಕೊಂಡರು. ಊದುಕೊಳವೆಯನ್ನು ಕೆಳಗಿಟ್ಟದ್ದು 2021ರಲ್ಲಿ.